ಕಿಟಕಿ ಬದಲಿಸುವ ಮುನ್ನ: ದಾವಣಗೆರೆ, ಚಿತ್ರದುರ್ಗದ ಮನೆಗಳಿಗೆ ಯಾವ ಚೌಕಟ್ಟು, ಯಾವ ಗಾಜು?

ಕಿಟಕಿ ಬದಲಿಸಲು ಹೊರಟವರು ಅಂಗಡಿಗೆ ಹೋಗಿ ಮೊದಲು ಕೇಳುವುದು ‘ಯುಪಿವಿಸಿ (ಗಡುಸು ಪ್ಲಾಸ್ಟಿಕ್) ಒಳ್ಳೇದಾ, ಅಲ್ಯೂಮಿನಿಯಂ ಒಳ್ಳೇದಾ’ ಎಂದು. ಅದನ್ನು ಕೇಳುವ ಮೊದಲು ಮನೆಯಲ್ಲೇ ಎರಡು ಸಂಗತಿ ತಿಳಿದುಕೊಳ್ಳಬೇಕು. ಆ ಕಿಟಕಿ ಯಾವ ದಿಕ್ಕಿಗಿದೆ? ಈಗಿರುವ ಚೌಕಟ್ಟು ನಿಜಕ್ಕೂ ಕೆಟ್ಟಿದೆಯೇ? ಇವೆರಡಕ್ಕೆ ಉತ್ತರ ಸಿಕ್ಕರೆ ಎಷ್ಟೋ ಮನೆಗಳಲ್ಲಿ ಎಂಟು ಕಿಟಕಿ ಬದಲಿಸುವ ಜಾಗದಲ್ಲಿ ಮೂರು ಬದಲಿಸಿದರೆ ಸಾಕಾಗುತ್ತದೆ.

ಪಶ್ಚಿಮದ ಕಿಟಕಿಯ ಲೆಕ್ಕ

ಎರಡೂ ಊರುಗಳಿರುವುದು 14ರಿಂದ 14.5 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಡಿಸೆಂಬರ್ ಕೊನೆಯಲ್ಲೂ ನಡುಮಧ್ಯಾಹ್ನದ ಸೂರ್ಯ 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಆದ್ದರಿಂದ ದಕ್ಷಿಣದ ಕಿಟಕಿಗೆ ಎರಡಡಿಯ ಸಜ್ಜಾ ಇದ್ದರೆ ಆಗಲೂ ಎರಡೂವರೆ ಅಡಿ ನೆರಳು ಕೆಳಗಿಳಿಯುತ್ತದೆ. ಪಶ್ಚಿಮದ ಕತೆ ಬೇರೆ. ಏಪ್ರಿಲ್‌ನಲ್ಲಿ ಸಂಜೆ ನಾಲ್ಕೂವರೆ ಹೊತ್ತಿಗೆ ಸೂರ್ಯ 30 ಡಿಗ್ರಿಗೆ ಇಳಿದಿರುತ್ತಾನೆ. ಅದೇ ಎರಡಡಿಯ ಸಜ್ಜಾ ಆಗ ಒಂದಡಿಗಿಂತ ಸ್ವಲ್ಪವೇ ಹೆಚ್ಚು ನೆರಳು ಕೊಡುತ್ತದೆ. ನಾಲ್ಕಡಿ ಎತ್ತರದ ಕಿಟಕಿಯ ಉಳಿದ ಮುಕ್ಕಾಲು ಭಾಗ ಬಿಸಿಲಲ್ಲೇ ಇರುತ್ತದೆ.

ಇದನ್ನು ವಾಟ್‌ಗಳಲ್ಲಿ ನೋಡೋಣ, ಏಕೆಂದರೆ ಡಬಲ್ ಗ್ಲಾಸ್ (ನಡುವೆ ಸಂದಿ ಬಿಟ್ಟು ಮುಚ್ಚಿದ ಎರಡು ಹಾಳೆ ಗಾಜು) ಮಾರುವವರು ಈ ಲೆಕ್ಕ ಹೇಳುವುದಿಲ್ಲ. ನಾಲ್ಕಡಿಯನ್ನು 1.2 ಮೀಟರ್ ಎಂದು ಹಿಡಿದರೆ ನಾಲ್ಕಡಿಗೆ ನಾಲ್ಕಡಿ ಕಿಟಕಿ 1.44 ಚದರ ಮೀಟರ್. ಚದರ ಮೀಟರಿಗೆ 600 ವಾಟ್ ಬಿಸಿಲು ನೇರ ಬಿದ್ದರೆ ಒಟ್ಟು 864 ವಾಟ್. ಸಾದಾ ಪಾರದರ್ಶಕ ಗಾಜು ಅದರಲ್ಲಿ ನೂರಕ್ಕೆ ಹೆಚ್ಚುಕಡಿಮೆ 80 ಪಾಲನ್ನು ಒಳಗೆ ಬಿಡುತ್ತದೆ, ಅಂದರೆ 690 ವಾಟ್. ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆಯೊಂದನ್ನು ಹಚ್ಚಿಟ್ಟಂತೆ. ಅದೇ ಸಾದಾ ಗಾಜಿನ ಎರಡು ಹಾಳೆಗಳ ಡಬಲ್ ಗ್ಲಾಸ್ ಹಾಕಿದರೂ 70ರಿಂದ 75 ಪಾಲು ಒಳಗೆ ಬರುತ್ತದೆ.

ಡಬಲ್ ಗ್ಲಾಸ್ ತಡೆಯುವುದು ಬಿಸಿಲನ್ನಲ್ಲ, ಒಳಗೂ ಹೊರಗೂ ಇರುವ ಉಷ್ಣಾಂಶದ ವ್ಯತ್ಯಾಸದಿಂದ ಗಾಜಿನ ಮೂಲಕ ಹಾಯುವ ಕಾವನ್ನು. ಒಂಟಿ ಗಾಜಿನಲ್ಲಿ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.7 ವಾಟ್ ಹಾಯುತ್ತದೆ; ಡಬಲ್‌ನಲ್ಲಿ 2.8. ಹೊರಗೆ 38, ಎ.ಸಿ. ಇಲ್ಲದ ಕೋಣೆಯೊಳಗೆ 32 ಡಿಗ್ರಿ ಇದ್ದಾಗ ನಮ್ಮ ಕಿಟಕಿಯಲ್ಲಿ ಅದು 49 ವಾಟ್, ಇದು 24 ವಾಟ್. ಉಳಿತಾಯ 25 ವಾಟ್. ಬಿಸಿಲಿನಿಂದ ಬರುತ್ತಿರುವ 690ರ ಎದುರು ಈ 25 ಎಲ್ಲಿ ಸಾಲುತ್ತದೆ? ಎ.ಸಿ. ಹಾಕಿ ಕೋಣೆಯನ್ನು 24ಕ್ಕೆ ಇಟ್ಟರೂ ಉಳಿತಾಯ 60 ವಾಟ್ ದಾಟುವುದಿಲ್ಲ. ಮಂಜು ಬೀಳುವ ದೇಶಗಳಲ್ಲಿ ಒಳಗೂ ಹೊರಗೂ 25–30 ಡಿಗ್ರಿ ವ್ಯತ್ಯಾಸ ತಿಂಗಳುಗಟ್ಟಲೆ ಇರುತ್ತದೆ, ಅಲ್ಲಿ ಡಬಲ್ ಗ್ಲಾಸ್ ಬೆಲೆ ತೀರಿಸುತ್ತದೆ. ದಾವಣಗೆರೆಯ ವಿದ್ಯಾನಗರದ ಮೇಲ್ಮಹಡಿಗೆ ಆ ಲೆಕ್ಕ ಹೊಂದುವುದಿಲ್ಲ.

ಹಾಗಾದರೆ ಪಶ್ಚಿಮಕ್ಕೆ ಏನು ಮಾಡಬೇಕು? ಬಿಸಿಲನ್ನು ಗಾಜಿಗೆ ಮುಟ್ಟುವ ಮೊದಲೇ ತಡೆಯುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಪರಿಣಾಮಕಾರಿ. ಹೊರಗಡೆ ಬಿದಿರಿನ ಪರದೆ, ಲಾವಂಚದ ತಟ್ಟಿ, ಅಲ್ಯೂಮಿನಿಯಂ ಲೂವರ್ (ಓರೆ ಪಟ್ಟಿಗಳ ತಡೆ), ಅಥವಾ ಗೋಡೆಯಿಂದ ಒಂದೂವರೆ ಅಡಿ ಮುಂದೆ ಜಾಲಿ ಗೋಡೆ, ಇದರಲ್ಲಿ ಯಾವುದಾದರೂ ಸರಿ. ಒಳಗಿನ ಪರದೆ ಇಷ್ಟು ಕೆಲಸ ಮಾಡದು. ಅಷ್ಟೊತ್ತಿಗೆ ಕಾವು ಗಾಜು ದಾಟಿ ಬಂದಿರುತ್ತದೆ. ಹೊರಗೆ ಏನೂ ಕಟ್ಟಲಾಗದ ಕಡೆ ಬಿಸಿಲು ತಡೆಯುವ ಲೇಪನದ ಗಾಜು ಹಾಕಿ. ಬಿಲ್ಲಿನಲ್ಲಿ ‘ಎಸ್‌ಎಚ್‌ಜಿಸಿ’ ಅಂಕಿ, ಅಂದರೆ ಬಿದ್ದ ಬಿಸಿಲ ಕಾವಿನಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದನ್ನು ಕೇಳಿ ಬರೆಸಿ. ಸಾದಾ ಗಾಜಿಗೆ ಅದು 0.8ರ ಮೇಲಿರುತ್ತದೆ, 0.3ರ ಆಸುಪಾಸಿನದು ಸಿಕ್ಕರೆ ನಮ್ಮ 690 ವಾಟ್ 260ಕ್ಕೆ ಇಳಿಯುತ್ತದೆ. ಅಂಕಿ ಹೇಳಲಾಗದೆ ‘ಹೀಟ್ ಪ್ರೂಫ್ ಗ್ಲಾಸ್ ಸಾರ್’ ಎನ್ನುವವರ ಮಾತಿಗೆ ಹಣ ಕೊಡಬೇಡಿ.

ಬಣ್ಣದ ಗಾಜು, ಅಂದರೆ ಕಂದು ಅಥವಾ ಬೂದು ಟಿಂಟ್, ನಡುವಿನ ದಾರಿ. ಅದು ಬಿಸಿಲನ್ನು ಹೀರಿ ತಾನೇ ಕಾಯುತ್ತದೆ, ಕಾದು ಒಂದು ಪಾಲನ್ನು ಒಳಗೂ ಬಿಡುತ್ತದೆ. ಇಲ್ಲೊಂದು ಅಪಾಯವಿದೆ: ಮೇಲಿನ ಭಾಗ ಸಜ್ಜಾ ನೆರಳಲ್ಲಿ ತಣ್ಣಗಿದ್ದು ಕೆಳಭಾಗ ಸುಡುತ್ತಿದ್ದರೆ, ಟಫನ್ ಮಾಡದ (ಕಾಯಿಸಿ ತಣಿಸಿ ಬಲಪಡಿಸದ) ಟಿಂಟ್ ಗಾಜು ಅಂಚಿನಿಂದ ತಾನಾಗಿ ಸೀಳಬಹುದು. ಸಾದಾ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದರೂ ಇದೇ ಆಗಬಹುದು. ರಿಫ್ಲೆಕ್ಟಿವ್ ಗಾಜು ಹಗಲು ಹೊರಗಿನವರಿಗೆ ಕನ್ನಡಿಯಂತೆ ಕಂಡರೂ ರಾತ್ರಿ ಒಳಗೆ ದೀಪ ಹಚ್ಚಿದಾಗ ಒಳಗಿನದೆಲ್ಲ ಬೀದಿಗೆ ಕಾಣುತ್ತದೆ. ಮಲಗುವ ಕೋಣೆಗೆ ಹಾಕಿದರೆ ಪರದೆ ಬೇಕೇ ಬೇಕು.

ಹಳೆಯ ಚೌಕಟ್ಟನ್ನು ಕೀಳುವ ಮೊದಲು

ಮೂವತ್ತು ನಲವತ್ತು ವರ್ಷದ ಹಿಂದಿನ ಮನೆಗಳಲ್ಲಿ ಸಾಗುವಾನಿ, ಹೊನ್ನೆ, ಮತ್ತಿ ಮರದ ಚೌಕಟ್ಟುಗಳಿವೆ. ಅಂಥ ಮರ ಈಗ ಅದೇ ದುಡ್ಡಿಗೆ ಸಿಗದು. ಸ್ಕ್ರೂಡ್ರೈವರ್ ತೆಗೆದುಕೊಂಡು ನಿಲುವು ಕಂಬಗಳ ಕೆಳಗಿನ ಆರಿಂಚಿನಲ್ಲಿ, ಹೊಸ್ತಿಲಿನ ಎರಡೂ ಮೂಲೆಯಲ್ಲಿ ಒತ್ತಿ ನೋಡಿ. ಮೊನೆ ಎರಡು ಮಿ.ಮೀ.ಗಿಂತ ಒಳಗೆ ಹೋಗದಿದ್ದರೆ, ಬಡಿದಾಗ ಟೊಳ್ಳು ಸದ್ದು ಬಾರದಿದ್ದರೆ, ಚೌಕಟ್ಟು ಗಟ್ಟಿ. ಗೋಡೆಗೂ ಮರಕ್ಕೂ ನಡುವಿನ ಸಂದಿಯಲ್ಲಿ ಮಣ್ಣಿನ ಗೆರೆ ಕಂಡರೆ ಗೆದ್ದಲು ಬಂದಿದೆ. ಆಗ ಪ್ಲಾಸ್ಟರ್ ಸ್ವಲ್ಪ ಕೆತ್ತಿ ನೋಡದೆ ತೀರ್ಮಾನ ಬೇಡ.

ಚೌಕಟ್ಟು ಗಟ್ಟಿಯಿದ್ದರೆ ನಮ್ಮ ಸಲಹೆ ಸ್ಪಷ್ಟ: ಅದನ್ನು ಉಳಿಸಿ. ಕದಗಳನ್ನು ತೋಪಡಾ ಹೊಡೆಸಿ ಅಳತೆಗೆ ತಂದು, ಕಬ್ಬಿಣದ ಕೀಲು ತೆಗೆದು ಸ್ಟೀಲ್ ಕೀಲು ಹಾಕಿಸಿ, ಕದ ಕೂರುವ ಅಂಚಿಗೆ ಇಪಿಡಿಎಂ ರಬ್ಬರ್ ಪಟ್ಟಿ ಅಂಟಿಸಿದರೆ ದೂಳಿನ ಕಾಟ ಬಹುಪಾಲು ನಿಲ್ಲುತ್ತದೆ. ಹಳೆಯ 3 ಮಿ.ಮೀ. ಗಾಜಿನ ಬದಲು 5 ಮಿ.ಮೀ. ಹಾಕಿಸಬಹುದು. ಗಾಜಿನ ತೂಕ ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕಿಲೋ. 40 ಸೆಂ.ಮೀ. ಅಗಲ, 110 ಸೆಂ.ಮೀ. ಎತ್ತರದ ಕದದಲ್ಲಿ ಅದು 3.3 ಕಿಲೋದಿಂದ 5.5ಕ್ಕೆ ಏರುತ್ತದೆ, ಮೂರು ಕೀಲಿನ ಕದ ಸಲೀಸಾಗಿ ಹೊರುತ್ತದೆ. ಗಾಜು ಕೂರುವ ತೋಡು (ಗಾಡಿ) ಎಷ್ಟು ಆಳವಿದೆ ಎಂದು ಮಾತ್ರ ಮೊದಲೇ ಅಳೆಯಿರಿ: 5 ಮಿ.ಮೀ. ಗಾಜು, 2 ಮಿ.ಮೀ. ಲಪ್ಪ (ಪುಟ್ಟಿ), ಅದರ ಮೇಲೆ ಬೀಡಿಂಗ್ ಪಟ್ಟಿ ಕೂರಬೇಕು. ಆಳ ಸಾಲದಿದ್ದರೆ 4 ಮಿ.ಮೀ.ಗೆ ನಿಲ್ಲಿ.

ಮಣ್ಣಿನ ಗೋಡೆಯ, ಕಲ್ಲಿನ ಗೋಡೆಯ ಮನೆಗಳ ಬಗ್ಗೆ ಸ್ವಲ್ಪ ನಿಲ್ಲಬೇಕು. ಚಿತ್ರದುರ್ಗದ ಹಳೆಯ ಕೇರಿಗಳಲ್ಲೂ ಸುತ್ತಲ ಹಳ್ಳಿಗಳ ಮಾಳಿಗೆ ಮನೆಗಳಲ್ಲೂ ಕಿಟಕಿಯ ಮೇಲೆ ಕಾಂಕ್ರೀಟ್ ಲಿಂಟಲ್ ಇರುವುದಿಲ್ಲ. ಕೆಲವು ಕಡೆ ಕಲ್ಲು ಚಪ್ಪಡಿ ಇರುತ್ತದೆ, ಕೆಲವು ಕಡೆ ಮರದ ಹಲಗೆ, ಇನ್ನು ಕೆಲವು ಕಡೆ ಚೌಕಟ್ಟಿನ ಮೇಲ್ಪಟ್ಟಿಯೇ ಗೋಡೆಯ ಭಾರ ಹೊತ್ತಿರುತ್ತದೆ. ಅಂಥ ಚೌಕಟ್ಟನ್ನು ಕಿತ್ತರೆ ಮೇಲಿನ ಗೋಡೆ ಕುಸಿಯುತ್ತದೆ. ಒಳಗಡೆ ಕಿಟಕಿಯ ನೆತ್ತಿಯಿಂದ ಒಂದು ಗೇಣು ಗಾರೆ ಕೆತ್ತಿ, ಚಪ್ಪಡಿ ಎರಡೂ ಬದಿ ಗೋಡೆಯೊಳಗೆ ಕನಿಷ್ಠ ಆರಿಂಚು ಕೂತಿದೆಯೇ ನೋಡಿ. ಇಲ್ಲದಿದ್ದರೆ ಮೊದಲು ಆಸರೆ ಕೊಟ್ಟು ಲಿಂಟಲ್ ಕೂರಿಸಬೇಕು, ಕಿಟಕಿಯ ಮಾತು ಆಮೇಲೆ. ಮಣ್ಣಿನ ಗೋಡೆಯಲ್ಲಿ ಆ್ಯಂಕರ್ ಬೋಲ್ಟ್ ಕೂಡ ಹಿಡಿಯುವುದಿಲ್ಲ. ಸುತ್ತಲೂ ಮೂರಿಂಚು ದಪ್ಪದ ಕಾಂಕ್ರೀಟ್ ಕಟ್ಟು ಕಟ್ಟಿ ಅದಕ್ಕೆ ಬಿಗಿಸಬೇಕು.

ಇನ್ನೊಂದು ಮರೆತುಹೋಗುವ ಸಂಗತಿ: ಹಳೆಯ ಚೌಕಟ್ಟಿನಲ್ಲೇ ಕಬ್ಬಿಣದ ಸರಳುಗಳಿವೆ. ಚೌಕಟ್ಟು ಹೋದರೆ ಸರಳೂ ಹೋಯಿತು. ಹೊಸ ಗ್ರಿಲ್‌ನ ಖರ್ಚನ್ನು ಯಾವ ಕೊಟೇಶನ್ನೂ ತಾನಾಗಿ ಸೇರಿಸಿಕೊಳ್ಳುವುದಿಲ್ಲ.

ಅಲ್ಯೂಮಿನಿಯಂ, ಯುಪಿವಿಸಿ, ಕಬ್ಬಿಣ

ಅಲ್ಯೂಮಿನಿಯಂ ಹಗುರ, ಸಣ್ಣ ಪಟ್ಟಿಯಲ್ಲೇ ದೊಡ್ಡ ಗಾಜು ಹೊರುತ್ತದೆ, ರಿಪೇರಿ ಗೊತ್ತಿರುವವರು ಎರಡೂ ಊರಿನಲ್ಲಿ ಸಿಗುತ್ತಾರೆ. ಬೇರಿಂಗ್ ಸವೆದರೆ, ಉಣ್ಣೆಯ ಪಟ್ಟಿ ಉದುರಿದರೆ ಅರ್ಧ ದಿನದ ಕೆಲಸ. ಲೋಹವಾದ್ದರಿಂದ ಬಿಸಿಲಿಗೆ ಚೌಕಟ್ಟು ಕಾಯುತ್ತದೆ, ನಿಜ. ಆದರೆ ಚೌಕಟ್ಟಿನ ವಿಸ್ತೀರ್ಣ ಗಾಜಿನ ಮುಂದೆ ಚಿಕ್ಕದು, ಅದೊಂದೇ ಕಾರಣಕ್ಕೆ ಬೇಡವೆನ್ನಬೇಕಿಲ್ಲ. ಮೋಸ ಆಗುವುದು ದಪ್ಪದಲ್ಲಿ. ಒಂದು ಮಿ.ಮೀ.ಗಿಂತ ತೆಳುವಾದ ಸೆಕ್ಷನ್ (ಚೌಕಟ್ಟಿನ ಪಟ್ಟಿ) ಹಾಕಿ ಅಡಿ ಲೆಕ್ಕದಲ್ಲಿ ಕಡಿಮೆ ದರ ತೋರಿಸುತ್ತಾರೆ. ಐದಡಿ ಅಗಲದ ಸ್ಲೈಡಿಂಗ್‌ಗೆ 1.2ರಿಂದ 1.5 ಮಿ.ಮೀ. ಬೇಕು. ತುಂಡು ಕೊಡಿ ಎಂದು ಕೇಳಿ ವರ್ನಿಯರ್‌ನಲ್ಲಿ ಅಳೆಯಿರಿ. ಪೌಡರ್ ಕೋಟಿಂಗ್ 60 ಮೈಕ್ರಾನಿಗೆ ಕಡಿಮೆ ಇರಬಾರದು.

ಯುಪಿವಿಸಿಯ ದೊಡ್ಡ ಗುಣ ಮೂಲೆಗಳು ಬೆಸುಗೆಯಾಗಿ ಒಂದಾಗುವುದು, ರಬ್ಬರ್ ಪಟ್ಟಿಗಳು ಬಿಗಿಯಾಗಿ ಕೂರುವುದು. ದೂಳಿಗೆ, ಸದ್ದಿಗೆ ಇದು ಅಲ್ಯೂಮಿನಿಯಂನ ಸಾಧಾರಣ ಸೆಕ್ಷನ್‌ಗಿಂತ ಮೇಲು. ಗೆದ್ದಲು ಹತ್ತದು, ಬಣ್ಣ ಬಳಿಯುವ ಕೆಲಸವಿಲ್ಲ. ಆದರೆ ಪ್ಲಾಸ್ಟಿಕ್ ಕಾವಿಗೆ ಹಿಗ್ಗುತ್ತದೆ. ಒಂದೂವರೆ ಮೀಟರ್ ಉದ್ದದ ಪಟ್ಟಿ 35 ಡಿಗ್ರಿ ಏರಿಕೆಗೆ ಮೂರೂವರೆ ಮಿ.ಮೀ.ಗೂ ಹೆಚ್ಚು ಬೆಳೆಯುತ್ತದೆ; ಅಲ್ಯೂಮಿನಿಯಂ ಅಷ್ಟೇ ಉದ್ದಕ್ಕೆ ಒಂದು ಮಿ.ಮೀ. ಚಿಲ್ಲರೆ. ಗೋಡೆಗೂ ಚೌಕಟ್ಟಿಗೂ ನಡುವೆ ಸಂದಿ ಬಿಡದೆ ಸಿಮೆಂಟ್ ತುಂಬಿದರೆ ಚೌಕಟ್ಟು ಬಾಗಿ, ಮಧ್ಯಾಹ್ನ ಕದ ಎಳೆಯಲು ಬಾರದೆ ರಾತ್ರಿ ಸರಿಯಾಗುತ್ತದೆ. ಈ ದೂರು ಕೇಳಿಬಂದ ಕಡೆ ಕಾರಣ ಹೆಚ್ಚಾಗಿ ಇದೇ. ಪಶ್ಚಿಮಕ್ಕೆ ಬಿಳಿಯೇ ಇರಲಿ, ಮರದ ಬಣ್ಣದ ಕಡು ಲ್ಯಾಮಿನೇಟ್ ಇನ್ನಷ್ಟು ಕಾಯುತ್ತದೆ. ಪಟ್ಟಿಯೊಳಗೆ ಕಬ್ಬಿಣದ ಬಲವರ್ಧನೆ ಇದೆಯೇ ಎಂದು ಪರೀಕ್ಷಿಸುವುದು ಸುಲಭ: ಅಯಸ್ಕಾಂತ ಹಿಡಿದು ಉದ್ದಕ್ಕೂ ಸರಿಸಿ. ನಡುವೆ ಎಲ್ಲಾದರೂ ಹಿಡಿತ ಬಿಟ್ಟರೆ ಅಲ್ಲಿ ಉಕ್ಕು ಇಲ್ಲ, ಅಲ್ಲಿ ಹೊಡೆದ ಸ್ಕ್ರೂ ಸಡಿಲಾಗುತ್ತದೆ.

ಕಬ್ಬಿಣದ ಕಿಟಕಿ ಅಗ್ಗ, ಗಟ್ಟಿ. ಗೋದಾಮು, ಹಿತ್ತಲ ಕೋಣೆಗೆ ಸಾಕು. ಮೂರ್ನಾಲ್ಕು ವರ್ಷಕ್ಕೊಮ್ಮೆ ತುಕ್ಕು ಕೆರೆದು ರೆಡ್ ಆಕ್ಸೈಡ್ ಹೊಡೆಯುವ ಮನಸ್ಸಿದ್ದರೆ ಸರಿ.

ಸರಿಯುವ ಕದವೋ, ತೆರೆಯುವ ಕದವೋ

ಎ.ಸಿ. ಇಲ್ಲದ ಮನೆಗೆ ಚೌಕಟ್ಟಿನ ವಸ್ತುವಿಗಿಂತ ಇದು ಮುಖ್ಯ. ಎರಡು ಹಳಿಯ ಸ್ಲೈಡಿಂಗ್ ಕಿಟಕಿ ಎಷ್ಟು ತೆಗೆದರೂ ಅರ್ಧವೇ ತೆರೆದಿರುತ್ತದೆ. ಕೀಲಿನ ಮೇಲೆ ತೆರೆಯುವ ಕದ ಹತ್ತಿರತ್ತಿರ ಪೂರ್ತಿ ಬಯಲು ಕೊಡುತ್ತದೆ. ಹಳೆಯ ಮರದ ಕಿಟಕಿ ತೆಗೆದು ಅದೇ ಅಳತೆಯ ಸ್ಲೈಡಿಂಗ್ ಹಾಕಿದ ಮೇಲೆ ‘ಮನೆ ಮೊದಲಿಗಿಂತ ಸೆಕೆ’ ಎನಿಸುವುದು ಇದರಿಂದ. ರಾತ್ರಿ ಗಾಳಿ ಬರುವ ಕಿಟಕಿಗೆ ಸ್ಲೈಡಿಂಗ್ ಬೇಡ. ಬಾಲ್ಕನಿ ಕಡೆಗೆ, ಓಡಾಡುವ ಓಣಿಗೆ ಕದ ಚಾಚಬಾರದಂಥಲ್ಲಿ ಸ್ಲೈಡಿಂಗ್ ಇರಲಿ.

ಚಿತ್ರದುರ್ಗದವರಿಗೆ ಇನ್ನೊಂದು ಕಾರಣವಿದೆ. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದ ಗಾಳಿ ಪಶ್ಚಿಮದಿಂದ ಬೀಸುವಾಗ ಎರಚಲು ಮಳೆ ಕಿಟಕಿಗೆ ಒತ್ತುತ್ತದೆ. ಸೆಕೆಂಡಿಗೆ 15 ಮೀಟರ್ ವೇಗದ ಗಾಳಿಯ ಒತ್ತಡ ಹಳಿಯಲ್ಲಿ ನಿಂತ ನೀರನ್ನು ಸುಮಾರು 14 ಮಿ.ಮೀ. ಎತ್ತಬಲ್ಲದು, 20 ಮೀಟರ್ ಆದರೆ 24 ಮಿ.ಮೀ.ಗೂ ಮೇಲೆ. ಹಳಿಯ ಒಳಗಿನ ಅಂಚು ಅದಕ್ಕಿಂತ ಗಿಡ್ಡವಿದ್ದರೆ ನೀರು ಕೋಣೆಗೆ ಉಕ್ಕುತ್ತದೆ, ಎಷ್ಟು ಸಿಲಿಕೋನ್ ಬಳಿದರೂ ನಿಲ್ಲದು. ಬಯಲಿಗೆ ತೆರೆದ ಪಶ್ಚಿಮ ಗೋಡೆಗೆ ಸ್ಲೈಡಿಂಗ್ ಹಾಕಲೇಬೇಕಿದ್ದರೆ ಒಳ ಅಂಚು 25 ಮಿ.ಮೀ.ಗೂ ಹೆಚ್ಚಿರುವ ಹಳಿ ಕೇಳಿ, ಹೊರಮುಖದಲ್ಲಿ ನೀರು ಹೋಗುವ ಸೀಳುಗಳಿವೆಯೇ ನೋಡಿ. ಹತ್ತಿಯ ದೂಳು, ಮಂಡಕ್ಕಿ ಭಟ್ಟಿಯ ಮಸಿ, ಹೆದ್ದಾರಿ 48ರ ಮಣ್ಣು ಸೇರಿ ಆ ಸೀಳುಗಳು ಮುಚ್ಚಿಹೋಗುತ್ತವೆ. ಮುಂಗಾರಿಗೆ ಮೊದಲು ಒಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಿಡಿಸಿ, ಒಂದು ಚೊಂಬು ನೀರು ಸುರಿದು ಹೊರಗೆ ಹೋಗುತ್ತದೆಯೇ ನೋಡಿ.

ತೆರೆಯುವ ಕದಕ್ಕೆ ಹಳೆಯ ಕೊಂಡಿಯ ಬದಲು 304 ದರ್ಜೆಯ ಸ್ಟೀಲ್ ಫ್ರಿಕ್ಷನ್ ಸ್ಟೇ (ತೆರೆದ ಕದವನ್ನು ನಿಂತಲ್ಲೇ ಹಿಡಿಯುವ ಪಟ್ಟಿ) ಹಾಕಿಸಿ. ಇಲ್ಲದಿದ್ದರೆ ಗಾಳಿಗೆ ಕದ ಬಡಿದು ಗಾಜು ಒಡೆಯುತ್ತದೆ.

ಸೊಳ್ಳೆ ಜಾಲಿಯನ್ನು ಮೊದಲೇ ಯೋಚಿಸಿ. ಸ್ಲೈಡಿಂಗ್‌ಗೆ ಮೂರು ಹಳಿ ಬೇಕು: ಎರಡು ಗಾಜು, ಒಂದು ಜಾಲಿ. ಹೊರಗೆ ತೆರೆಯುವ ಕದಕ್ಕೆ ಜಾಲಿ ಒಳಬದಿಗೆ ಬರಬೇಕು, ಗ್ರಿಲ್ ನಡುವೆ. ಹಿಡಿಗೆ ಕೈ ತಲುಪುವಂತೆ ಜಾಲಿಯೂ ತೆರೆಯಬೇಕು, ಗ್ರಿಲ್‌ನ ಸಂದಿಯೂ ಅಲ್ಲಿ ಅಗಲ ಇರಬೇಕು. ಕೋಟೆಯ ಸುತ್ತಮುತ್ತ ಮಂಗಗಳ ಓಡಾಟವಿರುವ ಮನೆಗಳಲ್ಲಿ ಫೈಬರ್ ಜಾಲಿ ಬಾಳದು, ಸ್ಟೀಲ್ ಜಾಲಿಯನ್ನೇ ಹಾಕಿ.

ಗಾಜು ಯಾವುದು, ಎಲ್ಲಿ

ಗ್ರಿಲ್ ಇರುವ ಸಾಧಾರಣ ಕಿಟಕಿಗೆ 5 ಮಿ.ಮೀ. ಸಾದಾ ಗಾಜು ಸಾಕು. ಒಡೆದರೆ ಅಂಗಡಿಯಲ್ಲಿ ಅದೇ ದಿನ ಕತ್ತರಿಸಿ ಕೊಡುತ್ತಾರೆ. ಆದರೆ ಮಂಡಿ ಎತ್ತರಕ್ಕೆ ಇಳಿದ ಕಿಟಕಿ, ಬಾಗಿಲ ಪಕ್ಕದ ಗಾಜು, ಬಚ್ಚಲು, ಮೆಟ್ಟಿಲ ತಿರುವು ಇಲ್ಲೆಲ್ಲ ಮಕ್ಕಳು, ವಯಸ್ಸಾದವರು ಜಾರಿ ಬಿದ್ದರೆ ಸಾದಾ ಗಾಜು ಕತ್ತಿಯಾಗುತ್ತದೆ. ಅಲ್ಲಿ ಉಳಿತಾಯ ನೋಡಲೇಬೇಡಿ.

ಟಫನ್ಡ್ ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ ಗಾಳಿಯಿಂದ ಥಟ್ಟನೆ ತಣಿಸಿರುತ್ತಾರೆ. ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಬಲ, ಒಡೆದರೆ ಮೊಂಡು ಹರಳು. ಒಮ್ಮೆ ಟಫನ್ ಆದ ಮೇಲೆ ಕತ್ತರಿಸಲು, ತೂತು ಮಾಡಲು ಆಗದು. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ತೂತು ಆರ್ಡರ್ ಕೊಡುವಾಗಲೇ ಹೇಳಿರಬೇಕು. ಮೂಲೆಯಲ್ಲಿ ಅಳಿಸಲಾಗದ ಮುದ್ರೆ ಇಲ್ಲದ ಗಾಜನ್ನು ಟಫನ್ಡ್ ಎಂದು ಒಪ್ಪಬೇಡಿ. ಸುರಕ್ಷಾ ಗಾಜಿನ ಭಾರತೀಯ ಮಾನಕ ಐಎಸ್ 2553.

ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಹಾಳೆಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇರುತ್ತದೆ. ಒಡೆದರೂ ಬೀಳದೆ ಅಂಟಿಕೊಂಡಿರುತ್ತದೆ, ಆದ್ದರಿಂದ ಗ್ರಿಲ್ ಇಲ್ಲದ ಕಿಟಕಿಗೆ, ಮಾಡಿನ ಗಾಜಿಗೆ ಇದೇ ಸರಿ. ಬೀರು ಸೋಫಾ ಬಣ್ಣಗೆಡಿಸುವ ನೇರಳಾತೀತ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಸದ್ದಿಗೂ ಇದೇ ಮದ್ದು. ಲಾರಿಯ ಗುಡುಗಿಗೆ 6.38 ಅಥವಾ 8.38 ಮಿ.ಮೀ. ಲ್ಯಾಮಿನೇಟೆಡ್ ಹಾಕಿ, ಕದ ರಬ್ಬರ್‌ಗೆ ಒತ್ತಿ ಕೂರುವ ಕೇಸ್‌ಮೆಂಟ್ (ಕೀಲಿನ ಮೇಲೆ ತೆರೆಯುವ ಕಿಟಕಿ) ಮಾಡಿಸಿ. ಕಿಟಕಿಯ ನೂರರಲ್ಲಿ ಒಂದು ಪಾಲು ಸಂದಿ ಉಳಿದರೂ 20 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ತಗ್ಗದು, ಗಾಜು ಎಷ್ಟೇ ದಪ್ಪವಿರಲಿ. ರೈಲು ಹಳಿಯ ಪಕ್ಕದ ಮನೆಯವರು ಡಬಲ್ ಗ್ಲಾಸ್ ಸ್ಲೈಡಿಂಗ್ ಹಾಕಿಸಿ ನಿರಾಶರಾಗುವುದು ಇದಕ್ಕೇ.

ಡಬಲ್ ಗ್ಲಾಸ್ ತೆಗೆದುಕೊಳ್ಳುವುದಾದರೆ ಅಂಚಿನಲ್ಲಿ ಎರಡು ಪದರ ಅಂಟು ಇರುವ, ಕಾರ್ಖಾನೆಯಲ್ಲಿ ಮುಚ್ಚಿದ ಘಟಕವನ್ನೇ ಕೊಳ್ಳಿ. ಸ್ಥಳದಲ್ಲೇ ಎರಡು ಗಾಜು ಜೋಡಿಸಿ ಕೊಟ್ಟರೆ ಎರಡು ಮಳೆಗಾಲದಲ್ಲಿ ಒಳಗೆ ಆವಿ ಕಟ್ಟುತ್ತದೆ. ಅದನ್ನು ಒರೆಸಲು ದಾರಿಯಿಲ್ಲ, ಇಡೀ ಘಟಕ ಬದಲಿಸಬೇಕು.

ಅಳತೆ ಮತ್ತು ಜೋಡಣೆ

ಅಗಲವನ್ನು ಮೇಲೆ, ನಡುವೆ, ಕೆಳಗೆ; ಎತ್ತರವನ್ನು ಎಡ, ನಡು, ಬಲ ಅಳೆಯಿರಿ. ಅತಿ ಚಿಕ್ಕ ಅಂಕಿ ಹಿಡಿದು ಅದರಿಂದ 10 ಮಿ.ಮೀ. ಕಳೆಯಿರಿ. ಮೂಲೆಯಿಂದ ಮೂಲೆಗೆ ಎರಡು ಅಳತೆಗಳಲ್ಲಿ 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಗಾರೆ ಮೇಸ್ತ್ರಿ ಗೋಡೆ ಸರಿಮಾಡಬೇಕು. ಅಳತೆ ಮಿ.ಮೀ.ನಲ್ಲೇ ಇರಲಿ. ಅಡಿ-ಇಂಚಿನಲ್ಲಿ ಬರೆದ ಚೀಟಿಯಲ್ಲಿ ಅರ್ಧ ಇಂಚು ತಪ್ಪುವುದು ಮಾಮೂಲು, ಟಫನ್ಡ್ ಗಾಜಿನಲ್ಲಿ ಆ ಅರ್ಧ ಇಂಚಿಗೆ ಹೊಸ ಗಾಜೇ ಬೇಕು.

ಆ್ಯಂಕರ್‌ಗಳು ಮೂಲೆಯಿಂದ 150–200 ಮಿ.ಮೀ. ಒಳಗೆ ಶುರುವಾಗಿ, ನಡುವೆ 600 ಮಿ.ಮೀ.ಗಿಂತ ಹೆಚ್ಚು ಅಂತರವಿಲ್ಲದಂತೆ ಬರಬೇಕು. ಗಾಜು ನೇರ ಚೌಕಟ್ಟಿನ ಮೇಲೆ ಕೂರಬಾರದು. ಅಗಲದ ಕಾಲು ಭಾಗದಲ್ಲಿ ಎರಡೂ ಬದಿ ಪ್ಲಾಸ್ಟಿಕ್ ತುಂಡು ಇಟ್ಟು ಕೂರಿಸಬೇಕು. ಇದನ್ನು ಬಿಟ್ಟರೆ ಕದ ಜೋತು ಬೀಳುತ್ತದೆ, ಗಾಜಿನ ಮೂಲೆ ಸೀಳುತ್ತದೆ.

ಹೊರಗಿನ ಸಂದಿಗೆ ನ್ಯೂಟ್ರಲ್ ಸಿಲಿಕೋನ್. ಹುಳಿ ವಾಸನೆ ಬರುವ ಅಗ್ಗದ್ದು ಸಿಮೆಂಟಿಗೆ ಹಿಡಿಯದು, ಲೋಹವನ್ನೂ ಲ್ಯಾಮಿನೇಟೆಡ್ ಗಾಜಿನ ಅಂಚನ್ನೂ ಕೆಡಿಸುತ್ತದೆ. ಟ್ಯೂಬ್ ತೆರೆದಾಗ ವಾಸನೆ ನೋಡಿದರೆ ಗೊತ್ತಾಗುತ್ತದೆ. ಸಂದಿ ಆಳವಿದ್ದರೆ ಮೊದಲು ಫೋಮ್ ಹುರಿ ತುಂಬಬೇಕು. ಕಿಟಕಿ ಕೆಳಗಿನ ಕಲ್ಲು ಹೊರಗೆ ವಾಲಿರಲಿ, ಸಜ್ಜಾ ತಳದಲ್ಲಿ ನೀರು ಕತ್ತರಿಸುವ ಗೆರೆ ಇರಲಿ.

ಕೊಟೇಶನ್‌ಗಳನ್ನು ಅಡಿ ದರದಿಂದ ಹೋಲಿಸಿದರೆ ಏನೂ ತಿಳಿಯದು. ಪಟ್ಟಿಯ ದಪ್ಪ, ಗಾಜಿನ ದಪ್ಪ ಮತ್ತು ಬಗೆ, ಹಳಿ ಎಷ್ಟು, ಜಾಲಿ ಯಾವುದು, ಹಳೆಯದನ್ನು ಕೀಳುವ ಕೂಲಿ, ಗಾರೆ ತೇಪೆ, ಗ್ರಿಲ್, ಸಾಗಣೆ, ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಎಲ್ಲವನ್ನೂ ಪ್ರತಿ ಕಿಟಕಿಗೆ ಬೇರೆ ಬೇರೆ ಬರೆಸಿಕೊಳ್ಳಿ. ಗಾಜಿನ ಅಳತೆಯನ್ನು ಮುಂದಿನ ಮೂರು ಅಥವಾ ಆರು ಇಂಚಿಗೆ ಏರಿಸಿ ಬಿಲ್ ಮಾಡುವ ರೂಢಿ ಕೆಲವು ಅಂಗಡಿಗಳಲ್ಲಿದೆ, ಅದನ್ನೂ ಕೇಳಿ.

ಜೋಡಿಸಿದ ವಾರದೊಳಗೆ ಪಟ್ಟಿಯ ಮೇಲಿನ ರಕ್ಷಣಾ ಟೇಪ್ ತೆಗೆಯಿರಿ. ಬಿಸಿಲಿಗೆ ಒಂದು ಬೇಸಿಗೆ ಬಿಟ್ಟರೆ ಅದು ಅಂಟಿ ಚೂರುಚೂರಾಗಿ ಏಳುತ್ತದೆ. ಕದ ಮುಚ್ಚುವಾಗ ನಡುವೆ ಒಂದು ಕಾಗದದ ಚೀಟಿ ಇಟ್ಟು ಎಳೆಯಿರಿ. ಸಲೀಸಾಗಿ ಜಾರಿ ಬಂದ ಕಡೆ ರಬ್ಬರ್ ಕೂತಿಲ್ಲ. ಕೊನೆಯ ಕಂತು ಕೊಡುವ ಮೊದಲು ಹೊರಗಿನಿಂದ ಪೈಪ್ ಹಿಡಿದು ಕೆಳಗಿನಿಂದ ಮೇಲಕ್ಕೆ ಹತ್ತು ನಿಮಿಷ ನೀರು ಬಿಡಿ, ಒಳಗೆ ಒಬ್ಬರು ಒಣ ಬಟ್ಟೆ ಹಿಡಿದು ಮೂಲೆಗಳನ್ನು ಒರೆಸಿ ನೋಡಲಿ. ಕೆಳಗಿನಿಂದ ಶುರು ಮಾಡಿದರೆ ನೀರು ಸೋರುವ ಎತ್ತರವೇ ಯಾವ ಸಂದಿ ಬಿಟ್ಟಿದೆ ಎಂದು ಹೇಳುತ್ತದೆ.